ಹಿರಿಯರಿಗೆ ಜಾರದ ಶೌಚಾಲಯ: ಮೊದಲು ಕೈ ಹೋಗುವ ಜಾಗ ನೋಡಿ

ವಿಜಯಪುರದ ನಮ್ಮ ಹಳೆಯ ಮನೆಯಲ್ಲಿ ಸಂಡಾಸ ಇರುವುದು ಹಿತ್ತಲಿನಲ್ಲಿ. ಎರಡು ಮೆಟ್ಟಿಲು ಹತ್ತಿ ಒಳಗೆ ಹೋದರೆ ಮೂರಡಿ ಅಗಲ, ನಾಲ್ಕಡಿ ಉದ್ದದ ಕೋಣೆ. ಒಂದೇ ವರ್ಷದಲ್ಲಿ ಮೂರು ಸಲ ಅಲ್ಲಿನ ನಳದ ಬುಡ ಸಡಿಲಾಗಿ ನೀರು ಸೋರಿತು. ಮೂರನೆಯ ಸಲ ರಿಪೇರಿಗೆ ಬಂದವರು ನಳವನ್ನು ಅಲುಗಾಡಿಸಿ ನೋಡಿ, "ಇದನ್ನ ಯಾರೋ ದಿನಾ ಹಿಡದ ಜಗ್ಗಲಾಕತ್ತಾರ್ರಿ" ಎಂದರು. ಅವ್ವನನ್ನು ಕೇಳಿದೆ. "ನಳಾ ಹಿಡಕೊಂಡ ಏಳ್ತೀನೋ, ಏನ ಆಗೂದಿಲ್ಲ ತಗೋ" ಎಂದಳು. ಮೊಣಕಾಲು ನೋವಿನ ಅವ್ವ ಎಷ್ಟು ತಿಂಗಳಿಂದ ಹೀಗೆ ಒಂದು ಅರ್ಧ ಇಂಚಿನ ಪೈಪನ್ನು ನಂಬಿ ಎದ್ದು ನಿಲ್ಲುತ್ತಿದ್ದಳು ಎಂಬುದು ನನಗೆ ಆ ದಿನದವರೆಗೆ ತಿಳಿದಿರಲಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ಈ ವಿಷಯವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಏನನ್ನಾದರೂ ಕೊಳ್ಳುವ ಮೊದಲು ನಾವೇ ನೋಡಿ ತಿಳಿದುಕೊಳ್ಳಬೇಕು.

ನೋಡುವ ಕ್ರಮ ಸರಳವಾಗಿದೆ. ಹಗಲು ಹೊತ್ತಿನಲ್ಲಿ ನೆಲ ಒಣಗಿರುವಾಗ, ಬಟ್ಟೆ ತೊಟ್ಟೇ ಒಂದು ಸಲ ಕುಳಿತು ಎದ್ದು ತೋರಿಸುವಂತೆ ಅವರನ್ನು ಕೇಳಿಕೊಂಡು, ನೀವು ಬಾಗಿಲ ಹತ್ತಿರ ನಿಲ್ಲಿ. ಒಳಗೆ ಹೋಗುವಾಗ, ತಿರುಗುವಾಗ, ಕೂಡುವಾಗ ಮತ್ತು ಏಳುವಾಗ ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಮನಿಸಿ, ಆ ನಾಲ್ಕೂ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ. ಸುಣ್ಣದ ಗೋಡೆಯಾದರೆ ಗುರುತು ಹಾಕುವ ಅಗತ್ಯವೂ ಇಲ್ಲ. ನಮ್ಮಲ್ಲಿ ಬಲಗಡೆಯ ಗೋಡೆಯ ಮೇಲೆ, ನೆಲದಿಂದ ಸುಮಾರು ಎರಡಡಿ ಎತ್ತರದಲ್ಲಿ, ಅಂಗೈ ಅಗಲದ ಕಪ್ಪು ಕಲೆ ಆಗಲೇ ಇತ್ತು. ಹಿಡಿಕೆ ಬರಬೇಕಾದದ್ದು ಅಲ್ಲಿಯೇ. ಗೌಂಡಿಗಳು ತಮಗೆ ಡ್ರಿಲ್ ಹಿಡಿಯಲು ಅನುಕೂಲವಾದ ಕಡೆ ತೂತು ಹಾಕಿಬಿಡುತ್ತಾರೆ, ಅದಕ್ಕೆ ಒಪ್ಪಬಾರದು.

ಹಿಡಿಕೆಯ ಪೈಪು ಸುಮಾರು ಒಂದೂಕಾಲರಿಂದ ಒಂದೂವರೆ ಇಂಚು ದಪ್ಪವಿದ್ದರೆ ಮುಷ್ಟಿಗೆ ಸರಿಯಾಗಿ ಸಿಗುತ್ತದೆ. ಗೋಡೆಗೂ ಪೈಪಿಗೂ ನಡುವೆ ಒಂದೂವರೆ ಇಂಚು ಅಂತರವಿರಬೇಕು. ಅದಕ್ಕಿಂತ ಹೆಚ್ಚಾದರೆ ಜಾರಿದಾಗ ತೋಳು ಆ ಸಂದಿಯಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅಮೆರಿಕದ ಅಂಗವಿಕಲರ ಸೌಕರ್ಯದ ಮಾನದಂಡವು ಕಮೋಡ್ ಪಕ್ಕದ ಅಡ್ಡ ಹಿಡಿಕೆಗೆ ನೆಲದಿಂದ 33ರಿಂದ 36 ಇಂಚು ಎತ್ತರವನ್ನು ಹೇಳುತ್ತದೆ ಮತ್ತು ಅದು 250 ಪೌಂಡ್, ಅಂದರೆ ಸುಮಾರು 113 ಕಿಲೋ ಭಾರವನ್ನು ತಡೆಯಬೇಕೆನ್ನುತ್ತದೆ. ಭಾರದ ಲೆಕ್ಕವನ್ನು ಹಾಗೆಯೇ ಇಟ್ಟುಕೊಳ್ಳಿ, ಎತ್ತರವನ್ನು ಮಾತ್ರ ನಿಮ್ಮ ಸೀಮೆಸುಣ್ಣದ ಗುರುತು ನಿರ್ಧರಿಸಲಿ. ಕುಕ್ಕರಗಾಲಲ್ಲಿ ಕೂಡುವ ದೇಶೀ ಪದ್ಧತಿಯ ಶೌಚಾಲಯಕ್ಕೆ ಅಡ್ಡ ಹಿಡಿಕೆಗಿಂತ ನೆಟ್ಟಗಿನ ಹಿಡಿಕೆಯೇ ಒಳ್ಳೆಯದು. ನೆಲದಿಂದ ಒಂದೂವರೆ ಅಡಿಗೆ ಆರಂಭವಾಗಿ ನಾಲ್ಕಡಿಯವರೆಗೆ ಹೋಗುವ ಒಂದೇ ಪೈಪಿದ್ದರೆ ಕೈಯನ್ನು ಮೇಲೆ ಮೇಲೆ ಸರಿಸುತ್ತ ಏಳಬಹುದು.

ನಮ್ಮ ಭಾಗದ ದೊಡ್ಡ ತೊಡಕು ಗೋಡೆಯದು. ಕಲ್ಲು ಮತ್ತು ಮಣ್ಣಿನಲ್ಲಿ ಕಟ್ಟಿದ ಹಳೆಯ ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಅದು ಮೇಲಿನ ಸಿಮೆಂಟ್ ಗಿಲಾವಿನಲ್ಲಷ್ಟೇ ನಿಂತಿರುತ್ತದೆ, ಒಮ್ಮೆ ಜೋರಾಗಿ ಜಗ್ಗಿದರೆ ಗಿಲಾವಿನ ಸಮೇತ ಕಿತ್ತು ಬರುತ್ತದೆ. ಅಂಥಲ್ಲಿ ಗೋಡೆಯ ಆಚೆಗೂ ಹಾಯುವ ಉದ್ದನೆಯ ಬೋಲ್ಟ್ ಹಾಕಿ, ಹೊರಗಡೆ ಕಬ್ಬಿಣದ ಪಟ್ಟಿ ಕೊಟ್ಟು ನಟ್ ಬಿಗಿಸಬೇಕು. ಅದೂ ಆಗದಿದ್ದರೆ ನೆಲದ ಕಾಂಕ್ರೀಟಿಗೆ ಕಾಲು ಕೂಡಿಸಿದ ಚೌಕಟ್ಟನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ. ಬೋರ್‌ವೆಲ್ಲಿನ ಉಪ್ಪು ನೀರಿಗೆ ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಸ್ಟೀಲ್ ಪೈಪಿಗೆ ತುಸು ಹೆಚ್ಚು ಹಣ ಕೊಡುವುದು ಲೇಸು. ಗಾಳಿಯ ಒತ್ತಡದಿಂದ ಟೈಲ್ಸಿಗೆ ಅಂಟಿಕೊಳ್ಳುವ ಹಿಡಿಕೆಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಟೈಲ್ಸಿನ ಮೇಲೆ ಗಡಸು ನೀರಿನ ಬಿಳಿ ಪದರ ಕೂತಿದ್ದರೆ ಅವುಗಳ ಬಟ್ಟಲು ಸರಿಯಾಗಿ ಕಚ್ಚುವುದಿಲ್ಲ. ಮುಂಜಾನೆ ಗಟ್ಟಿಯಾಗಿದ್ದದ್ದು ಸಂಜೆಗೆ ಕಳಚಿರಬಹುದು.

ಇನ್ನು ಕೂಡುವ ಎತ್ತರ. ಅದೇ ಮಾನದಂಡ ಕಮೋಡಿನ ಆಸನಕ್ಕೆ 17ರಿಂದ 19 ಇಂಚು ಹೇಳುತ್ತದೆ, ಆದರೆ ಅವ್ವನಂಥ ಗಿಡ್ಡನೆಯ ಹೆಂಗಸರು ಅಷ್ಟು ಎತ್ತರದಲ್ಲಿ ಕೂತರೆ ಕಾಲು ನೆಲಕ್ಕೆ ತಾಗದೆ ತೂಗಾಡುತ್ತವೆ. ಕುರ್ಚಿಯ ಮೇಲೆ ಕೂಡಿಸಿ, ಮೊಣಕಾಲಿನ ಹಿಂಬದಿಯ ಮಡಿಕೆಯಿಂದ ಹಿಮ್ಮಡಿಯವರೆಗೆ ಅಳೆದು, ಅದಕ್ಕೆ ಒಂದಿಂಚು ಸೇರಿಸಿದರೆ ಅವರಿಗೆ ಬೇಕಾದ ಎತ್ತರ ಸಿಗುತ್ತದೆ. ಇರುವ ಕಮೋಡ್ ತಗ್ಗಾಗಿದ್ದರೆ ಅದರ ಮೇಲೆ ಕೂಡಿಸುವ, ಎರಡರಿಂದ ಆರು ಇಂಚು ಎತ್ತರದ ಆಸನಗಳು ವೈದ್ಯಕೀಯ ಸಲಕರಣೆಯ ಅಂಗಡಿಗಳಲ್ಲಿ ದೊರೆಯುತ್ತವೆ. ಪಕ್ಕದಲ್ಲಿ ಕ್ಲಾಂಪ್ ಇರುವುದನ್ನೇ ಕೊಳ್ಳಿ. ಕಮೋಡ್ ರೂಢಿಯಿಲ್ಲದವರು ಅದರ ಅಂಚಿನ ಮೇಲೆ ಕಾಲಿಟ್ಟು ಕುಕ್ಕರಿಸುವುದುಂಟು. ಪಿಂಗಾಣಿ ಒಡೆದರೆ ಅದರ ಚೂರು ಚಾಕುವಿನಷ್ಟೇ ಹರಿತವಾಗಿರುವುದರಿಂದ, ಹಳ್ಳಿಯಿಂದ ಬಂದ ನೆಂಟರಿಗೂ ಇದನ್ನು ಸಂಕೋಚವಿಲ್ಲದೆ ಮೊದಲೇ ತಿಳಿಸಬೇಕು.

ದೇಶೀ ಶೌಚಾಲಯವನ್ನು ಒಡೆಯದೆ ಅದರ ಮೇಲೆಯೇ ಇಡುವ, ನಡುವೆ ತೂತಿರುವ ಕಮೋಡ್ ಸ್ಟೂಲ್ ಬಹಳ ಮನೆಗಳಿಗೆ ಸಾಕಾಗುತ್ತದೆ, ನಾವೂ ಅದನ್ನೇ ತಂದೆವು. ಆದರೆ ತಂದ ದಿನವೇ ಅದು ಅಲುಗಾಡಿತು. ಪಾದ ಇಡುವ ಗೀರುಗೀರಿನ ಕಟ್ಟೆ ನೆಲಕ್ಕಿಂತ ಒಂದಿಂಚು ಮೇಲಿದ್ದು, ಸ್ಟೂಲಿನ ಮುಂದಿನ ಎರಡು ಕಾಲು ಕಟ್ಟೆಯ ಮೇಲೆ, ಹಿಂದಿನ ಎರಡು ನೆಲದ ಮೇಲೆ ಕೂತಿದ್ದವು. ಎತ್ತರ ಹೊಂದಿಸಬಹುದಾದ ಸ್ಟೂಲ್ ಆಗಿದ್ದರಿಂದ ಹಿಂದಿನ ಕಾಲುಗಳನ್ನು ಒಂದು ತೂತು ಉದ್ದ ಮಾಡಿ ಸರಿಪಡಿಸಿದೆವು. ಒತ್ತುವ ಗುಂಡಿ ತೂತಿನಿಂದ ಪೂರ್ತಿ ಹೊರಬಂದು ಟಕ್ ಎಂದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಬರೀ ಪ್ಲಾಸ್ಟಿಕ್ಕಿನ ಹಗುರ ಸ್ಟೂಲಿನ ಕಾಲುಗಳು ಒದ್ದೆ ನೆಲದಲ್ಲಿ ಅಗಲಕ್ಕೆ ಸರಿಯುತ್ತವೆ, ಅವನ್ನು ಬಿಡಿ.

"ಮನೆಯೊಳಗ ಸಂಡಾಸ ಬ್ಯಾಡ" ಎಂಬ ಹಿರಿಯರ ಮಾತನ್ನು ತಳ್ಳಿಹಾಕಬೇಕಾಗಿಲ್ಲ, ಅದು ವಾಸನೆಯ ಅನುಭವದಿಂದ ಬಂದ ಮಾತು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಪೇಟೆಂಟ್ ಪಡೆದ ಬಾಗಿದ ಪೈಪು ಈ ತೊಂದರೆಯನ್ನೇ ನೀಗಿತು: ಬಾಗಿನಲ್ಲಿ ಸದಾ ನಿಲ್ಲುವ ನೀರು ಕೆಳಗಿನ ವಾಸನೆ ಮೇಲೆ ಬಾರದಂತೆ ತಡೆಯುತ್ತದೆ. ನಮ್ಮ ಬೇಸಿಗೆಯಲ್ಲಿ ಕೆಲವು ವಾರ ಬಳಸದಿದ್ದರೆ ಈ ನೀರು ಆರಿಹೋಗುತ್ತದೆ, ಊರಿಂದ ಬಂದೊಡನೆ ಒಂದು ತಂಬಿಗೆ ನೀರು ಸುರಿದರಾಯಿತು. ನೀರಿನ ಅಭಾವವಿರುವ ಕಡೆ ಬಿಂದೇಶ್ವರ ಪಾಠಕ್ ಅವರು 1970ರಲ್ಲಿ ಆರಂಭಿಸಿದ ಸುಲಭ್ ಮಾದರಿಯ ಕಡಿದಾದ ಇಳಿಜಾರಿನ ಪ್ಯಾನ್ ಉಪಯುಕ್ತ. ಅದಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಸಾಕಾಗುವುದರಿಂದ, ತುಂಬಿದ ಬಕೆಟ್ ಎತ್ತುವ ಕೆಲಸ ಹಿರಿಯರಿಗೆ ತಪ್ಪುತ್ತದೆ.

ನೆಲದ ವಿಷಯದಲ್ಲಿ ನಮ್ಮ ಮನೆಯಲ್ಲೇ ತಪ್ಪಾಗಿತ್ತು. ಅಡುಗೆಮನೆಯ ಕಟ್ಟೆಗೆ ತಂದು ಉಳಿದ ಪಾಲಿಶ್ ಗ್ರಾನೈಟನ್ನು ಸಂಡಾಸಕ್ಕೆ ಹಾಸಿದ್ದೆವು. ನೀರು ಬಿದ್ದರೆ ಅದು ಗಾಜಿನಂತೆ ಜಾರುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟೇ ಬೇಕೆನ್ನುವವರು ಪಾಲಿಶ್ ಬದಲು ಬೆಂಕಿಯಿಂದ ಮೈ ಒರಟು ಮಾಡಿಸಿದ ಕಲ್ಲನ್ನು ಕೇಳಿ ಪಡೆಯಬೇಕು. ಇಲ್ಲವಾದರೆ ಒರಟು ಮೈಯ ಫರ್ಸಿ ಕಲ್ಲು ಅಥವಾ ಮ್ಯಾಟ್ ಟೈಲ್ಸ್ ಸಾಕು. ಬಿಳಿ ಪದರ ತೆಗೆಯಲು ಆ್ಯಸಿಡ್ ಬಳಸುವವರು ಅದರೊಂದಿಗೆ ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬೆರೆಸಬಾರದು, ಆ ಸಣ್ಣ ಕೋಣೆಯಲ್ಲಿ ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೆ ಅಪಾಯ.

ತೊಳೆದುಕೊಳ್ಳಲು ಹಿಂದೆ ಬಾಗಿ ತಂಬಿಗೆ ತುಂಬಿಕೊಳ್ಳುವಾಗಲೇ ಹಲವರು ತೋಲ ತಪ್ಪುತ್ತಾರೆ. ಕೈಯಲ್ಲಿ ಹಿಡಿದು ನೀರು ಚಿಮ್ಮಿಸುವ ನಳಿಗೆ, ಅಂದರೆ ಹೆಲ್ತ್ ಫಾಸೆಟ್, ಚುರುಕಾಗಿರುವ ಕೈಯ ಪಕ್ಕಕ್ಕೆ ಬರಲಿ. ಪಾರ್ಶ್ವವಾಯುವಿನಿಂದ ಕೈ ತಿರುಗದವರಿಗೆ ಆಸನದ ಕೆಳಗಿನಿಂದಲೇ ನೀರು ಚಿಮ್ಮಿಸುವ ಬಿಡೆ ಆಸನಗಳಿವೆ. ಜಪಾನಿನ ಟೋಟೋ ಕಂಪನಿ 1980ರಲ್ಲಿ ವಾಷ್ಲೆಟ್ ಹೆಸರಿನಲ್ಲಿ ವಿದ್ಯುತ್ತಿನ ಆಸನವನ್ನು ಮಾರುಕಟ್ಟೆಗೆ ತಂದಿತು. ಕರೆಂಟ್ ಬೇಡದ ಅಗ್ಗದ ಬಗೆಯೂ ಈಗ ಸಿಗುತ್ತದೆ, ಗಡಸು ನೀರಿಗೆ ಮುಂದೊಂದು ಜಾಳಿಗೆ ಹಾಕಿಸಬೇಕಷ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮಾಳಿಗೆಯ ಕಪ್ಪು ಟ್ಯಾಂಕಿನಿಂದ ಬರುವ ನೀರು ಮೈ ಸುಡುವಷ್ಟು ಬಿಸಿಯಾಗಿರುತ್ತದೆ. ಮಧುಮೇಹದಿಂದ ಸ್ಪರ್ಶ ಮಂದವಾದವರಿಗೆ ಅದು ತಕ್ಷಣ ತಿಳಿಯದು. ಮುಂಜಾನೆಯೇ ಒಂದು ಬಕೆಟ್ ನೀರು ಹಿಡಿದು ನೆರಳಿನಲ್ಲಿಡಿ.

ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಅದನ್ನು ಈ ವಾರವೇ ಹೊರಕ್ಕೆ ತಿರುಗಿಸಿ. ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡವಾದರೆ ಹೊರಗಿನವರು ದೂಡಲಾಗದೆ ನಿಲ್ಲಬೇಕಾಗುತ್ತದೆ. ಬಡಿಗರಿಗೆ ಇದು ಅರ್ಧ ದಿನದ ಕೆಲಸ. ಚಿಲಕವೂ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಬಹುದಾದದ್ದು ಇರಲಿ. ತಂತಿಯಿಲ್ಲದ ಮನೆಗಂಟೆಯ ಎರಡು ಗುಂಡಿಗಳಲ್ಲಿ ಒಂದನ್ನು ಕೈಗೆಟುಕುವ ಎತ್ತರದಲ್ಲಿ, ಇನ್ನೊಂದನ್ನು ನೆಲದಿಂದ ಗೇಣು ಮೇಲೆ ಅಂಟಿಸಿ, ಏಕೆಂದರೆ ಬಿದ್ದವರ ಕೈ ಎಟಕುವುದು ಅಷ್ಟೇ ಎತ್ತರಕ್ಕೆ.

ರಾತ್ರಿಯ ಹೊತ್ತು ಹಿತ್ತಲಿಗೆ ಹೋಗುವುದನ್ನೇ ತಪ್ಪಿಸಲು ಹಾಸಿಗೆಯ ಪಕ್ಕದಲ್ಲಿ ಕಮೋಡ್ ಕುರ್ಚಿ ಇಡುವುದು ಉತ್ತಮ. ಹೋಗಲೇಬೇಕಾದರೆ ಮೆಟ್ಟಿಲಿಗೊಂದು ಹಿಡಿಕೆ, ದಾರಿಯಲ್ಲಿ ಕರೆಂಟ್ ಹೋದರೂ ಉರಿಯುವ, ಮನುಷ್ಯರ ಸುಳಿವಿಗೆ ತಾನೇ ಹತ್ತುವ ಬ್ಯಾಟರಿ ದೀಪ ಬೇಕು. ರಕ್ತದೊತ್ತಡದ ಗುಳಿಗೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದರೆ ಕಣ್ಣು ಕತ್ತಲಿಡುತ್ತದೆ. ಹಾಸಿಗೆಯಂಚಿನಲ್ಲಿ ಒಂದೆರಡು ನಿಮಿಷ ಕೂತು ಏಳಬೇಕು, ಗಂಡಸರೂ ರಾತ್ರಿ ಕೂತೇ ಮೂತ್ರ ಮಾಡಬೇಕು. ತಿಣುಕುವುದರಿಂದಲೂ ತಲೆ ತಿರುಗುತ್ತದೆ. ಕಮೋಡ್ ಮೇಲೆ ಕೂತಾಗ ಪಾದದ ಕೆಳಗೆ ಏಳೆಂಟು ಇಂಚಿನ ಮಣೆ ಇಟ್ಟುಕೊಂಡರೆ ಮೊಣಕಾಲು ಮೇಲೆದ್ದು, ಕುಕ್ಕರಗಾಲಿನಲ್ಲಿ ಕೂತಂತೆ ಮಲದ ದಾರಿ ನೇರವಾಗುತ್ತದೆ. ಏಳುವ ಮೊದಲು ಆ ಮಣೆಯನ್ನು ಕಾಲಿನಿಂದ ಬದಿಗೆ ಸರಿಸಬೇಕು. ಚಪ್ಪೆಯ, ಅಂದರೆ ಸೊಂಟದ, ಕೀಲು ಬದಲಿಸಿಕೊಂಡವರು ವೈದ್ಯರನ್ನು ಕೇಳದೆ ಮಣೆ ಬಳಸಬಾರದು.

ಹೊಸ ಹಿಡಿಕೆಯನ್ನು ಮೊದಲು ನೀವೇ ನಿಮ್ಮ ಪೂರ್ತಿ ಭಾರ ಹಾಕಿ ಜಗ್ಗಿ ನೋಡಿ, ಆಮೇಲೆ ಅವರ ಕೈಗೆ ಕೊಡಿ. ಯುಗಾದಿಗೆ ಮತ್ತು ದಸರೆಗೆ ಮನೆ ಸ್ವಚ್ಛ ಮಾಡುವಾಗ ಸ್ಟೂಲನ್ನು ತಲೆಕೆಳಗಾಗಿಸಿ ನಾಲ್ಕೂ ಕಾಲಿನ ರಬ್ಬರ್ ಬುಷ್ ನೋಡಿ. ಒಂದು ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿದ್ದರೂ ನಾಲ್ಕನ್ನೂ ಬದಲಿಸಿ, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಗಂಟೆಗೆ ಹೊಸ ಬ್ಯಾಟರಿ ಹಾಕಿ.