ಒರ್ಲ್ಯಾಂಡೊ ವಿಮಾನ ನಿಲ್ದಾಣದಿಂದ ಪೋರ್ಟ್ ಕ್ಯಾನವೆರಲ್‌ಗೆ ಬಾಡಿಗೆ ಕಾರು

ಫ್ಲಾರಿಡಾದ ಪೋರ್ಟ್ ಕ್ಯಾನವೆರಲ್‌ನಿಂದ ಕ್ರೂಸ್ ಹತ್ತುವವರಲ್ಲಿ ಬಹಳಷ್ಟು ಮಂದಿ ವಿಮಾನದಿಂದ ಇಳಿಯುವುದು ಒರ್ಲ್ಯಾಂಡೊದಲ್ಲಿ. ಎರಡರ ನಡುವಿನ ಅಂತರ ಸುಮಾರು 45 ಮೈಲಿ, ಅಂದರೆ 72 ಕಿಲೊಮೀಟರ್. ಸಂಚಾರ ಸಲೀಸಾಗಿದ್ದರೆ ಒಂದು ಗಂಟೆಯೊಳಗೆ ಮುಗಿಯುವ ದಾರಿ ಇದು. ವಿಮಾನ ನಿಲ್ದಾಣದಿಂದ ಮಯಾಮಿಯ ಕಡೆಗೆ 2023ರಿಂದ ರೈಲು ಓಡುತ್ತಿದೆಯಾದರೂ ಬಂದರಿಗೆ ರೈಲಿಲ್ಲ. ಹೀಗಾಗಿ ಉಳಿಯುವುದು ತಲೆಗಿಷ್ಟು ಎಂದು ದುಡ್ಡು ಪಡೆಯುವ ಶಟಲ್ ವ್ಯಾನು, ಊಬರ್ ಅಥವಾ ಲಿಫ್ಟ್ ಕಂಪನಿಯ ಟ್ಯಾಕ್ಸಿ, ಇಲ್ಲವೇ ಬಾಡಿಗೆ ಕಾರು. ಒಬ್ಬರು, ಇಬ್ಬರು ಹೋಗುವುದಾದರೆ ಶಟಲ್ ಸಾಕು. ಮಕ್ಕಳು, ಊರಿನಿಂದ ಬಂದ ಅಪ್ಪ-ಅಮ್ಮ, ಆರೇಳು ಸೂಟ್‌ಕೇಸು ಎಲ್ಲ ಸೇರಿದರೆ ಬಾಡಿಗೆ ಕಾರೇ ಅನುಕೂಲ, ಹಲವು ಸಲ ಅಗ್ಗವೂ ಹೌದು. ಈ ಪ್ರಯಾಣದಲ್ಲಿ ಕಾರು ಓಡಿಸುವುದು ಕಷ್ಟದ ಕೆಲಸವಲ್ಲ. ಕಾರನ್ನು ಎಲ್ಲಿ, ಎಷ್ಟು ಹೊತ್ತಿಗೆ ಹಿಂತಿರುಗಿಸಿ ಹಡಗಿನ ಬಾಗಿಲಿಗೆ ಹೇಗೆ ಬರಬೇಕು ಎಂಬುದನ್ನು ಬುಕ್ ಮಾಡುವ ಮೊದಲೇ ತೀರ್ಮಾನಿಸಿಕೊಳ್ಳದಿದ್ದರೆ ಮಾತ್ರ ತೊಂದರೆ ಶುರುವಾಗುತ್ತದೆ.

ಇಲ್ಲಿ ಬೇಕಾಗುವುದು ಒನ್-ವೇ ಬಾಡಿಗೆ, ಅಂದರೆ ಒಂದು ಕಚೇರಿಯಲ್ಲಿ ಕಾರು ಪಡೆದು ಇನ್ನೊಂದರಲ್ಲಿ ಒಪ್ಪಿಸುವುದು. ಬಾಡಿಗೆಯ ದಿನವನ್ನು ಕ್ಯಾಲೆಂಡರಿನ ದಿನದಂತೆ ಎಣಿಸದೆ, ಕಾರು ಪಡೆದ ಹೊತ್ತಿನಿಂದ 24 ಗಂಟೆ ಎಂದು ಲೆಕ್ಕ ಹಾಕುತ್ತಾರೆ. ಆದ್ದರಿಂದ ಹಿಂದಿನ ದಿನ ಸಂಜೆ ಬಂದಿಳಿದು, ಒರ್ಲ್ಯಾಂಡೊದಲ್ಲೋ ಕೊಕೊ ಬೀಚಿನಲ್ಲೋ ರಾತ್ರಿ ಉಳಿದು, ಮರುದಿನ ಬೆಳಗ್ಗೆ ಕಾರು ಒಪ್ಪಿಸಿದರೂ ಒಂದೇ ದಿನದ ಬಾಡಿಗೆ ಬೀಳುತ್ತದೆ. ಕ್ರೂಸ್ ಮುಗಿದ ಮೇಲೆ ಬಂದರಿನಿಂದ ವಿಮಾನ ನಿಲ್ದಾಣಕ್ಕೆ ಇನ್ನೊಂದು ಒನ್-ವೇ ಬುಕ್ ಮಾಡಿಕೊಂಡರೆ ಆಯಿತು. ಒಂದೇ ಕಾರನ್ನು ವಾರವಿಡೀ ಬಾಡಿಗೆಗೆ ಹಿಡಿದು ಬಂದರಿನಲ್ಲಿ ನಿಲ್ಲಿಸಿ ಹೋಗುವವರೂ ಇದ್ದಾರೆ. ಓಡದೆ ನಿಂತ ಕಾರಿಗೆ ಬಾಡಿಗೆ, ಅದರ ಮೇಲೆ ಹೊರಡುವ ದಿನ ಮತ್ತು ಮರಳುವ ದಿನ ಎರಡನ್ನೂ ಸೇರಿಸಿ ಎಣಿಸುವ ಪಾರ್ಕಿಂಗ್ ಶುಲ್ಕ, ಹೀಗೆ ಎರಡು ಕಡೆಯಿಂದ ಹಣ ಸೋರುವ ಆ ಏರ್ಪಾಡನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಬುಕ್ ಮಾಡುವಾಗ ಊರಿನ ಹೆಸರುಗಳನ್ನು ಕಣ್ಣಿಟ್ಟು ಓದಬೇಕು. ಒರ್ಲ್ಯಾಂಡೊ ಎಂದು ಟೈಪಿಸಿದರೆ ಒರ್ಲ್ಯಾಂಡೊ ಇಂಟರ್‌ನ್ಯಾಷನಲ್ ಅಲ್ಲದೆ, ಅದರಿಂದ ಸಾಕಷ್ಟು ಉತ್ತರಕ್ಕಿರುವ ಒರ್ಲ್ಯಾಂಡೊ ಸ್ಯಾನ್‌ಫರ್ಡ್, ಬಂದರಿಗಿಂತ ದಕ್ಷಿಣಕ್ಕಿರುವ ಮೆಲ್ಬೋರ್ನ್ ಒರ್ಲ್ಯಾಂಡೊ ಎಂಬ ಬೇರೆ ವಿಮಾನ ನಿಲ್ದಾಣಗಳೂ ಪಟ್ಟಿಯಲ್ಲಿ ಬರುತ್ತವೆ. ಟಿಕೆಟಿನಲ್ಲಿರುವ ನಿಲ್ದಾಣವನ್ನೇ ಆರಿಸಬೇಕು. ಹಿಂತಿರುಗಿಸುವ ಜಾಗದ ವಿಷಯ ಇನ್ನೂ ಸೂಕ್ಷ್ಮ. ಏವಿಸ್, ಬಜೆಟ್, ಹರ್ಟ್ಜ್, ಎಂಟರ್‌ಪ್ರೈಸ್ ಮುಂತಾದ ಕಂಪನಿಗಳ ಕಚೇರಿಗಳು ಬಂದರಿನ ಆಸುಪಾಸಿನಲ್ಲಿವೆ, ಆದರೆ ಹಡಗು ನಿಲ್ಲುವ ಟರ್ಮಿನಲ್ಲಿನ ಒಳಗಲ್ಲ. ಕೇಪ್ ಕ್ಯಾನವೆರಲ್, ಕೊಕೊ ಬೀಚ್, ಮೆರಿಟ್ ಐಲ್ಯಾಂಡ್ ಕಡೆಗಳಲ್ಲಿ. ಅಲ್ಲಿಂದ ಟರ್ಮಿನಲ್ಲಿಗೆ ಕಂಪನಿಯ ಶಟಲ್ ಇರುತ್ತದೆ ಎಂದು ಊಹಿಸಿಕೊಳ್ಳದೆ, ಆ ಕಚೇರಿಗೇ ಫೋನ್ ಮಾಡಿ, ನೀವು ಹೊರಡುವ ದಿನ ಅದು ತೆರೆದಿರುತ್ತದೆಯೇ, ಶಟಲ್ ಓಡುತ್ತದೆಯೇ, ಕೊನೆಯ ಶಟಲ್ ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ವಿಮಾನ ನಿಲ್ದಾಣದ ಕೌಂಟರುಗಳಂತೆ ಇವು ದಿನವಿಡೀ ತೆರೆದಿರುವುದಿಲ್ಲ, ಭಾನುವಾರ ಇನ್ನೂ ಕಡಿಮೆ. ಬಾಗಿಲು ಹಾಕಿದ ಮೇಲೆ ಕೀಲಿಯನ್ನು ಡಬ್ಬಿಯಲ್ಲಿ ಹಾಕಿ ಹೋಗಲು ಕೆಲವು ಕಡೆ ಅವಕಾಶವಿದ್ದರೂ, ಕಚೇರಿ ಮತ್ತೆ ತೆರೆದು ಕಾರನ್ನು ನೋಡುವವರೆಗೆ ಅದರ ಹೊಣೆ ಸಾಮಾನ್ಯವಾಗಿ ನಿಮ್ಮ ತಲೆಯ ಮೇಲೆಯೇ ಇರುತ್ತದೆ.

ಅಮೆರಿಕದ ಯಾವ ರಾಜ್ಯದ ಲೈಸೆನ್ಸ್ ಇದ್ದರೂ ಫ್ಲಾರಿಡಾದಲ್ಲಿ ನಡೆಯುತ್ತದೆ. ಭಾರತದಿಂದ ಪ್ರವಾಸಕ್ಕೆ ಬಂದವರು ಅಲ್ಲಿನ ಚಾಲ್ತಿಯಲ್ಲಿರುವ ಲೈಸೆನ್ಸಿನ ಮೇಲೆಯೇ ಓಡಿಸಬಹುದು. ಆರ್‌ಟಿಒ ಕೊಡುವ, ಒಂದು ವರ್ಷ ಬಾಳುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಫ್ಲಾರಿಡಾದ ಕಾನೂನು ಕಡ್ಡಾಯ ಮಾಡಿಲ್ಲ. ಆದರೂ ಕೌಂಟರಿನಲ್ಲಿ ಮಾತು ಬೆಳೆಯದಿರಲಿ ಎಂದು ಅದನ್ನು ಮೂಲ ಲೈಸೆನ್ಸಿನ ಜೊತೆಗೆ ತರುವುದು ಒಳ್ಳೆಯದು. ಅದೊಂದನ್ನೇ ತಂದರೆ ನಡೆಯುವುದಿಲ್ಲ. ವಯಸ್ಸು 25 ತುಂಬದವರಿಗೆ ದಿನಕ್ಕಿಷ್ಟು ಎಂದು ಹೆಚ್ಚುವರಿ ಶುಲ್ಕ ಬೀಳುತ್ತದೆ. ಕಾರು ಯಾರ ಹೆಸರಿನಲ್ಲಿದೆಯೋ ಅವರದೇ ಹೆಸರಿನ ಕ್ರೆಡಿಟ್ ಕಾರ್ಡ್ ಬೇಕು, ಏಕೆಂದರೆ ಬಾಡಿಗೆಯ ಮೇಲೆ ಒಂದಿಷ್ಟು ಠೇವಣಿಯನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡಿಗೆ ಷರತ್ತುಗಳು ಹೆಚ್ಚು, ಹಣ ಬಿಡುಗಡೆಯಾಗುವುದೂ ತಡ. ಸ್ಟಿಯರಿಂಗ್ ಹಿಡಿಯುವ ಇನ್ನೊಬ್ಬರ ಹೆಸರೂ ಕರಾರಿನಲ್ಲಿರಲೇಬೇಕು; ಇಲ್ಲದಿದ್ದರೆ ಅವರ ಕೈಯಲ್ಲಿ ಆದ ಅಪಘಾತಕ್ಕೆ ವಿಮೆ ಸಿಗದೆ ಹೋಗಬಹುದು.

ವಿಮೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಬಾಡಿಗೆಯ ಕಾರಿಗೇ ಆಗುವ ಹಾನಿ ಒಂದು, ನಿಮ್ಮಿಂದ ಇತರರಿಗೆ ಆಗುವ ಹಾನಿ ಇನ್ನೊಂದು. ಅಮೆರಿಕದಲ್ಲಿ ಸ್ವಂತ ಕಾರಿರುವವರ ವಿಮೆ ಸಾಮಾನ್ಯವಾಗಿ ಬಾಡಿಗೆ ಕಾರಿಗೂ ಅನ್ವಯಿಸುತ್ತದೆ, ಹಲವು ಕ್ರೆಡಿಟ್ ಕಾರ್ಡುಗಳು ಮೊದಲನೆಯದನ್ನು ಮಾತ್ರ ನೋಡಿಕೊಳ್ಳುತ್ತವೆ. ಭಾರತದಿಂದ ಬಂದವರ ಬಳಿ ಎರಡೂ ಇರುವುದಿಲ್ಲ. ಅವರು ಬುಕ್ ಮಾಡುವಾಗ ವಾಸದ ದೇಶ ಭಾರತವೆಂದೇ ನಮೂದಿಸಿದರೆ, ಎರಡೂ ವಿಮೆಗಳನ್ನು ಒಳಗೊಂಡ ದರ ಹಲವು ಕಂಪನಿಗಳಲ್ಲಿ ಸಿಗುತ್ತದೆ. ಕೌಂಟರಿನಲ್ಲಿ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅದೇ ಲೇಸು. ವಿಮೆ ಈಗಾಗಲೇ ಇರುವವರು ಕೌಂಟರಿನ ಯಂತ್ರದಲ್ಲಿ ಸಹಿ ಹಾಕುವ ಮುನ್ನ ಪ್ರತಿ ಪರದೆಯನ್ನೂ ಓದಬೇಕು. ಬೇಡವೆಂದು ಬಾಯಲ್ಲಿ ಹೇಳಿದ್ದು ಪರದೆಯಲ್ಲಿ ಬೇಕೆಂದು ಗುರುತಾಗಿರುವುದುಂಟು, ಸಹಿ ಬಿದ್ದ ಮೇಲೆ ವಾದಕ್ಕೆ ಬೆಲೆಯಿಲ್ಲ.

ಕಾರು ಕೈಗೆ ಬಂದ ಮೇಲೆ ಸಾಮಾನು ತುಂಬುವ ಮೊದಲೇ ನಾಲ್ಕೂ ಬದಿ, ಚಕ್ರಗಳು, ಗಾಜು, ಪೆಟ್ರೋಲಿನ ಮುಳ್ಳು, ಓಡಿದ ಮೈಲಿಯ ಅಂಕಿ ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಐದು ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿಗೆ ಫ್ಲಾರಿಡಾದಲ್ಲಿ ಮಕ್ಕಳ ಸೀಟು ಕಡ್ಡಾಯ. ಬಾಡಿಗೆಗೂ ಸಿಗುತ್ತದೆ, ಮನೆಯದನ್ನು ವಿಮಾನದಲ್ಲಿ ತಂದರೆ ಖರ್ಚು ಉಳಿಯುತ್ತದೆ.

ಹೊಸಬರನ್ನು ಬಹಳ ಕಾಡುವುದು ಟೋಲ್. ಬಂದರಿಗೆ ಹೋಗುವ ಸ್ಟೇಟ್ ರೋಡ್ 528, ಅಂದರೆ ಬೀಚ್‌ಲೈನ್ ಎಕ್ಸ್‌ಪ್ರೆಸ್‌ವೇ, ಒರ್ಲ್ಯಾಂಡೊ ಭಾಗದಲ್ಲಿ ಟೋಲ್ ರಸ್ತೆ. ನಗದು ಕೊಟ್ಟು ಮುಂದೆ ಹೋಗುತ್ತೇನೆ ಎಂಬ ನಂಬಿಕೆಯಲ್ಲಿ ಹೊರಡಬಾರದು. ಕಾರಿನಲ್ಲಿ ಟೋಲನ್ನು ತಾನಾಗಿಯೇ ಕಡಿತ ಮಾಡುವ ಟ್ಯಾಗ್ ಇಲ್ಲದಿದ್ದರೆ ಕ್ಯಾಮೆರಾ ನಂಬರ್ ಪ್ಲೇಟನ್ನು ಹಿಡಿಯುತ್ತದೆ, ಬಿಲ್ಲು ಬಾಡಿಗೆ ಕಂಪನಿಗೆ ಹೋಗುತ್ತದೆ, ಕಂಪನಿ ಅದಕ್ಕೆ ತನ್ನ ಸೇವಾ ಶುಲ್ಕವನ್ನು ಸೇರಿಸಿ ನಿಮ್ಮ ಕಾರ್ಡಿನಿಂದ ಎಳೆದುಕೊಳ್ಳುತ್ತದೆ. ಕೆಲವು ಡಾಲರಿನ ಟೋಲಿಗಿಂತ ಈ ಸೇವಾ ಶುಲ್ಕವೇ ಹೆಚ್ಚಾಗುವುದು ಸಾಮಾನ್ಯ. ಕೆಲವು ಯೋಜನೆಗಳಲ್ಲಂತೂ ಒಮ್ಮೆ ಟೋಲ್ ದಾಟಿದರೆ ದಾಟದ ದಿನಗಳಿಗೂ ಶುಲ್ಕ ಬೀಳುತ್ತದೆ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ವರ್ಜೀನಿಯಾ ಕಡೆ ನೆಲೆಸಿರುವ ಕನ್ನಡಿಗರು ಮನೆಯ ಕಾರಿನ ಟೋಲ್ ಟ್ಯಾಗ್ ಆದ ಇ-ಝೀಪಾಸನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದರೆ ಮುಗಿಯಿತು. ಅದು ಈ ರಸ್ತೆಯಲ್ಲಿ ನಡೆಯುತ್ತದೆ. ಬಾಡಿಗೆ ಕಾರಿನ ನಂಬರನ್ನು ನಿಮ್ಮ ಖಾತೆಗೆ ತಾತ್ಕಾಲಿಕವಾಗಿ ಸೇರಿಸಿ, ಕಾರು ಒಪ್ಪಿಸಿದ ದಿನವೇ ತೆಗೆದುಹಾಕಿ. ಮರೆತರೆ ಮುಂದಿನ ಬಾಡಿಗೆದಾರರ ಟೋಲೂ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಇಂಥ ಪಾಸ್ ಇಲ್ಲದವರು ಫ್ಲಾರಿಡಾದ ಟೋಲ್ ಟ್ಯಾಗ್ ಆದ ಸನ್‌ಪಾಸ್ ಕೊಳ್ಳಬಹುದು; ಪಬ್ಲಿಕ್ಸ್, ವಾಲ್‌ಗ್ರೀನ್ಸ್‌ನಂಥ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಮಿನಿ ಸ್ಟಿಕ್ಕರನ್ನು ಒಮ್ಮೆ ಗಾಜಿಗೆ ಅಂಟಿಸಿದರೆ ಕಿತ್ತು ಇನ್ನೊಂದು ಕಾರಿಗೆ ಹಾಕಲಾಗದು, ಹೋಗುವಾಗೊಂದು ಬರುವಾಗೊಂದು ಕಾರು ಹಿಡಿಯುವವರಿಗೆ ಅದು ಹೊಂದುವುದಿಲ್ಲ. ಕಾರಿನ ಗಾಜಿನ ಮೇಲ್ಭಾಗದಲ್ಲಿ ಕಂಪನಿಯದೇ ಟ್ಯಾಗ್ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇದ್ದರೆ, ಅದು ಒಳಗೆ ಸರಿದು ಮುಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳಿ. ತೆರೆದಿದ್ದರೆ ಎರಡೂ ಟ್ಯಾಗುಗಳಿಂದ ಟೋಲ್ ಕಡಿತವಾದೀತು.

ನಿಲ್ದಾಣದ ಉತ್ತರ ದ್ವಾರದಿಂದ ಹೊರಬಿದ್ದರೆ ನೇರವಾಗಿ 528 ಸಿಗುತ್ತದೆ, ಅಲ್ಲಿ ಪೂರ್ವದ ದಿಕ್ಕು ಹಿಡಿಯಬೇಕು. ಬಲಬದಿಯ ಚಾಲನೆಗೆ ಹೊಸಬರಾದವರಿಗೂ ಇದು ಅಂಜಿಕೆಯ ದಾರಿಯಲ್ಲ. ನೆಟ್ಟಗೆ, ಸಮತಟ್ಟಾಗಿ, ಸೇಂಟ್ ಜಾನ್ಸ್ ನದಿಯ ಜವುಗು ನೆಲದ ನಡುವೆ ಸಾಗುತ್ತದೆ. ಮಳೆ ಬಂದು ವೈಪರ್ ಹಾಕಿದರೆ ಹೆಡ್‌ಲೈಟನ್ನೂ ಹಾಕಬೇಕೆಂಬುದು ಇಲ್ಲಿನ ಕಾನೂನು. ಪೊಲೀಸ್ ಅಥವಾ ಆಂಬುಲೆನ್ಸ್ ರಸ್ತೆಯ ಅಂಚಿನಲ್ಲಿ ದೀಪ ಮಿನುಗಿಸುತ್ತಾ ನಿಂತಿದ್ದರೆ ಪಕ್ಕದ ಲೇನಿಗೆ ಸರಿಯಬೇಕು, ಸರಿಯಲಾಗದಿದ್ದರೆ ವೇಗಮಿತಿಗಿಂತ 20 ಮೈಲಿ ನಿಧಾನಿಸಬೇಕು. 2024ರಿಂದ ಕೆಟ್ಟು ನಿಂತ ಸಾಧಾರಣ ವಾಹನಗಳಿಗೂ ಈ ನಿಯಮ ಅನ್ವಯಿಸುತ್ತದೆ. ಇಂಡಿಯನ್ ನದಿಯ ಸೇತುವೆ ಏರುವಾಗ ಎಡಕ್ಕೆ ದೂರದಲ್ಲಿ ಕೆನಡಿ ಬಾಹ್ಯಾಕಾಶ ಕೇಂದ್ರದ ಬೃಹತ್ ರಾಕೆಟ್ ಜೋಡಣಾ ಕಟ್ಟಡ ಕಾಣುತ್ತದೆ. ಹಿಂದೆ ಕುಳಿತವರು ನೋಡಲಿ, ಸ್ಟಿಯರಿಂಗ್ ಹಿಡಿದವರು ಬೇಡ. ಉಡಾವಣೆಯ ದಿನ ಈ ಸೇತುವೆಗಳ ಮೇಲೆ ವಾಹನ ದಟ್ಟಣೆ ವಿಪರೀತ, ಹಾಗಾಗಿ ಪ್ರಯಾಣದ ದಿನ ಉಡಾವಣೆ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ.

ಪೆಟ್ರೋಲ್ ತುಂಬಿಸಿಯೇ ಕಾರು ಒಪ್ಪಿಸಬೇಕು. 528ರ ನಡುಭಾಗದಲ್ಲಿ ಬಂಕುಗಳು ಇಲ್ಲವೆನ್ನುವಷ್ಟು ವಿರಳ. ಮೆರಿಟ್ ಐಲ್ಯಾಂಡಿನಲ್ಲಿ ಅಥವಾ ಬಂದರು ದಾಟಿ ಆಸ್ಟ್ರೊನಾಟ್ ಬುಲೆವಾರ್ಡಿನಲ್ಲಿ ತುಂಬಿಸಿಕೊಳ್ಳಬಹುದು. ಪಂಪಿನಲ್ಲಿ ಕಾರ್ಡ್ ಹಾಕಿದಾಗ ಐದಂಕಿಯ ಝಿಪ್ ಕೋಡ್ ಕೇಳುತ್ತದೆ, ಭಾರತದ ಕಾರ್ಡುಗಳು ಇಲ್ಲಿ ತೊಡರುತ್ತವೆ. ಆಗ ಅಂಗಡಿಯ ಒಳಗೆ ಹೋಗಿ, ಪಂಪಿನ ಸಂಖ್ಯೆ ಹೇಳಿ, ಮುಂಗಡ ಕೊಟ್ಟು ಬರಬೇಕು.

ಇನ್ನು ಕೊನೆಯ ಹಂತ. ಮೊದಲು ಹೋಗಬೇಕಾದದ್ದು ಬಾಡಿಗೆ ಕಚೇರಿಗಲ್ಲ, ಹಡಗಿನ ಟರ್ಮಿನಲ್ಲಿಗೆ. ಬಂದರಿನ ಫಲಕಗಳು ಟರ್ಮಿನಲ್ಲುಗಳನ್ನು ಎರಡು ಗುಂಪು ಮಾಡಿವೆ. 1 ಮತ್ತು 3 ದಕ್ಷಿಣ ದಡದಲ್ಲಿವೆ, 5, 6, 8, 10 ಉತ್ತರ ದಡದಲ್ಲಿ. ಎರಡಕ್ಕೂ ಬೇರೆ ಬೇರೆ ಎಕ್ಸಿಟ್. ನಿಮ್ಮ ಹಡಗಿನ ಟರ್ಮಿನಲ್ ಸಂಖ್ಯೆಯನ್ನು ಬೋರ್ಡಿಂಗ್ ಕಾಗದದಲ್ಲಿ ನೋಡಿಕೊಂಡು, ಮನೆಯವರನ್ನು ಅಲ್ಲಿ ಇಳಿಸಿ, ದೊಡ್ಡ ಸಾಮಾನನ್ನು ಪೋರ್ಟರುಗಳಿಗೆ ಒಪ್ಪಿಸಿ. ಚೀಲಕ್ಕೆ ಒಂದೆರಡು ಡಾಲರ್ ಟಿಪ್ಸ್ ಕೊಡುವುದು ರೂಢಿ. ಪಾಸ್‌ಪೋರ್ಟು, ಔಷಧಿ, ಕಾಗದಪತ್ರಗಳು ಮಾತ್ರ ಆ ಸಾಮಾನಿನೊಳಗೆ ಹೋಗಬಾರದು, ಏಕೆಂದರೆ ಚೀಲಗಳು ನಿಮ್ಮ ಕೋಣೆ ತಲುಪುವುದು ಗಂಟೆಗಳ ಬಳಿಕ. ಆಮೇಲೆ ಚಾಲಕರೊಬ್ಬರೇ ಕಚೇರಿಗೆ ಹೋಗಿ, ರಸೀದಿ ಪಡೆದು, ಬರಿಗೈಯಲ್ಲಿ ಶಟಲ್ ಹತ್ತಿ ಬರಬಹುದು. ಇಡೀ ಸಂಸಾರ ಸೂಟ್‌ಕೇಸುಗಳೊಂದಿಗೆ ಶಟಲ್ಲಿನ ಸಾಲಿನಲ್ಲಿ ನಿಂತರೆ ಒಂದೆರಡು ವ್ಯಾನುಗಳು ತುಂಬಿ ಹೊರಟುಹೋಗುವುದನ್ನು ಬಿಸಿಲಿನಲ್ಲಿ ನೋಡುತ್ತ ನಿಲ್ಲಬೇಕಾಗುತ್ತದೆ. ಪ್ರಯಾಣಿಕರ ಅಂತಿಮ ಪಟ್ಟಿಯನ್ನು ಹಡಗು ಹೊರಡುವ 60 ನಿಮಿಷ ಮೊದಲು ಗಡಿ ಇಲಾಖೆಗೆ ಒಪ್ಪಿಸಬೇಕಾದ್ದರಿಂದ ಚೆಕ್-ಇನ್ ಅದಕ್ಕೂ ಮೊದಲೇ ಮುಚ್ಚುತ್ತದೆ, ಯಾರಿಗಾಗಿಯೂ ಕಾಯುವುದಿಲ್ಲ. ಮಧ್ಯಾಹ್ನದೊಳಗೆ ಕಾರು ಒಪ್ಪಿಸಿ ಮುಗಿಸುವಂತೆ ಯೋಜನೆ ಹಾಕಿ; ಅದೇ ದಿನ ವಿಮಾನದಲ್ಲಿ ಬಂದು ಅದೇ ದಿನ ಹಡಗು ಹತ್ತುವ ಸಾಹಸವನ್ನು ನಾನಂತೂ ಒಪ್ಪುವುದಿಲ್ಲ.

ಮರಳುವಾಗ ಇದೇ ಕ್ರಮವನ್ನು ತಿರುವುಮುರುವು ಮಾಡಿದರಾಯಿತು. ಹಡಗು ಬಂದ ಬೆಳಗ್ಗೆ ನೂರಾರು ಜನ ಒಟ್ಟಿಗೇ ಬಾಡಿಗೆ ಕಚೇರಿಗಳಿಗೆ ನುಗ್ಗುತ್ತಾರೆ. ಸಾಮಾನನ್ನು ತಾವೇ ಹೊತ್ತು ಬೇಗ ಇಳಿಯಲು ಸಾಧ್ಯವಿರುವವರು ಹಾಗೆ ಇಳಿದು, ಚಾಲಕರನ್ನು ಮೊದಲ ಶಟಲ್ಲಿಗೆ ಕಳಿಸಿ, ಉಳಿದವರು ಟರ್ಮಿನಲ್ಲಿನ ನೆರಳಿನಲ್ಲಿ ಕಾಯುವುದು ಸರಿ. ಒರ್ಲ್ಯಾಂಡೊ ನಿಲ್ದಾಣದಲ್ಲಿ ಬಾಡಿಗೆ ಕಾರು ಒಪ್ಪಿಸುವ ಜಾಗಕ್ಕೆ ಟರ್ಮಿನಲ್‌ವಾರು ಬೇರೆ ಫಲಕಗಳಿವೆ, ನಿಮ್ಮ ವಿಮಾನ ಯಾವ ಟರ್ಮಿನಲ್ಲಿನದೋ ಅತ್ತಲೇ ತಿರುಗಿದರೆ ನಡಿಗೆ ಉಳಿಯುತ್ತದೆ. ವಲಸೆ ತಪಾಸಣೆ, ಶಟಲ್ಲಿನ ಸಾಲು, ಒಂದು ಗಂಟೆಯ ದಾರಿ, ಮತ್ತೆ ನಿಲ್ದಾಣದ ಭದ್ರತಾ ತಪಾಸಣೆ ಇವಿಷ್ಟನ್ನೂ ಕೂಡಿಸಿ ನೋಡಿದರೆ, ಮಧ್ಯಾಹ್ನ ಒಂದು ಗಂಟೆಗಿಂತ ಮುಂಚಿನ ವಿಮಾನಕ್ಕೆ ಟಿಕೆಟ್ ತೆಗೆಯದಿರುವುದೇ ಕ್ಷೇಮ.