ನೆಲದಡಿಯ ರೈಲು ಡಿಪೊ: ನಕ್ಷೆ ಪಿಟ್ಟಿನಿಂದ ಸುರು ಮಾಡ್ರಿ

ನಮ್ಮಕ್ಕನ ಮಗ ಬೆಂಗಳೂರಾಗ ಸಿವಿಲ್ ಇಂಜಿನಿಯರ್. ಹೋದ ದೀಪಾವಳಿಗೆ ಹುಬ್ಬಳ್ಳಿಗೆ ಬಂದಾಗ ಲ್ಯಾಪ್‌ಟಾಪ್ ತಗದು, "ಮಾಮಾ, ನೆಲದಡಿ ಮೆಟ್ರೊ ಡಿಪೊ ಡಿಸೈನ್ ಮಾಡಾಕತ್ತೀನಿ, ಸ್ವಲ್ಪ ನೋಡು" ಅಂದ. ಹಳಿ, ಕಂಬ, ಛತ್ತು ಎಲ್ಲಾ ಛಲೋ ಬರದಿದ್ದ. ಆದ್ರ ಹಳಿ ಕೆಳಗ ನಿಂತು ದುಡಿಯಾವ ಎಲ್ಲಿ ನಿಲ್ಲಬೇಕು ಅನ್ನೋದ ಅದರಾಗ ಇರಲಿಲ್ಲ. 34 ವರ್ಷ ಪಿಟ್ ಲೈನಿನಾಗ ದುಡದಾಂವ ನಾನು. ಪಿಟ್ ಅಂದ್ರ ಗಾಡಿ ಕೆಳಗ ನಿಂತು ರಿಪೇರಿ ಮಾಡಾಕ ಹಳಿ ನಡುವ ತೋಡಿದ ಉದ್ದನ ತಗ್ಗು. ಅವಗ ಹೇಳಿದ್ದನ್ನ ಇಲ್ಲಿ ಬರದೀನಿ.

ಜಾಗ ಇದ್ರ ಡಿಪೊ ನೆಲದ ಮ್ಯಾಲ ಕಟ್ರಿ. ನಮ್ಮ ಹುಬ್ಬಳ್ಳ್ಯಾಗ ಜಾಗ ಇತ್ತು, 1507 ಮೀಟರಿನ ಪ್ಲಾಟ್‌ಫಾರ್ಮ್ ಕಟ್ಟಿದ್ರು. ಸಿಂಗಾಪುರದಂಥ ಊರಾಗ ಜಾಗದ ಅಡಚಣಿ. ಅಲ್ಲಿ 2009ರಾಗ ಸುರುವಾದ ಸರ್ಕಲ್ ಲೈನಿನ ಕಿಮ್ ಚುವಾನ್ ಡಿಪೊ ನೆಲದಡಿ ಐತಿ.

ಮೊದಲು ಪಿಟ್ ಬರೀರಿ. ಹಳಿ ಮಟ್ಟದಿಂದ ತಳ ಸುಮಾರು 1.4 ಮೀಟರ್ ಇರಲಿ. ಕಡಿಮಿ ಆದ್ರ ದಿನಾ ನಡಾ ಬಗ್ಗಿಸೇ ದುಡೀಬೇಕು. ಹೆಚ್ಚಾದ್ರ ಬ್ರೇಕಿಗೆ ಕೈ ಎಟಕಂಗಿಲ್ಲ. ಹಳಿಯನ್ನ ಗಿಡ್ಡ ಕಂಬದ ಮ್ಯಾಲ ಕೂಡಿಸಿ, ಎರಡೂ ಬಾಜು ನೆಲಾನೂ ತಗ್ಗಿಸ್ರಿ. ಡಬ್ಬಿ ಬಾಜುಕಿನ ಪೆಟ್ಟಿಗಿ ಎಲ್ಲಾ ಆವಾಗ ಎದಿ ಮಟ್ಟಕ್ಕ ಬರತಾವು. ದೀಪ ಗೋಡಿವೊಳಗ ಗೂಡು ಮಾಡಿ ಓರೆಯಾಗಿ ಇಡ್ರಿ, ಬೆಳಕು ಕಣ್ಣಿಗೆ ಹೊಡಿಬಾರದು. ಕೈದೀಪಕ್ಕ 24 ವೋಲ್ಟ್ ಸಾಕು. ಹಸಿ ನೆಲದಾಗ ನಿಂತಾವನ ಕೈಗೆ 230 ವೋಲ್ಟ್ ಕೊಡಬ್ಯಾಡ್ರಿ.

ಪಿಟ್ಟಿನ ತಳ ನಡುವ ಉಬ್ಬಿ ಎರಡೂ ಕಡೆ ಇಳಿಜಾರ ಇರಲಿ. ಇದು ಯಾಕ ಅಂದ್ರ, ಒಂದು ಯಾರ್ಡಿನಾಗ ಆಷಾಢದ ಮಳಿಗೆ ಗಟಾರದಾಗ ಕಾಟನ್ ವೇಸ್ಟ್ ಸಿಕ್ಕೊಂಡು ನೀರು ಮೊಣಕಾಲ ತನಕ ನಿಂತಿತ್ತು. ರಾತ್ರಿ ಗಾಡಿ ಬಿಡಬೇಕು, ನಾವು ನೀರಾಗ ನಿಂತೇ ಬ್ರೇಕ್ ಬ್ಲಾಕ್ ಬದಲಿ ಮಾಡಾಕತ್ತಿದ್ವಿ. ಮುಚ್ಚಳ ಇಲ್ಲದ ಸಂಪು ನೀರಾಗ ಕಾಣಲಿಲ್ಲ. ಜೊತಿಗಾರನ ಕಾಲು ಅದರಾಗ ಹೋಗಿ ಮುರೀತು. ಅದು ನೆಲದ ಮ್ಯಾಲಿನ ಯಾರ್ಡ್, ಮರುದಿನ ನೀರು ತಾನಾಗೇ ಹರಿದು ಹೋತು. ನೆಲದಡಿ ನೀರು ತಾನಾಗಿ ಹೋಗಂಗಿಲ್ಲ, ಪಂಪ್ ಎತ್ತಿದ್ರ ಅಷ್ಟ. ಹಂಗಾಗಿ ಸಂಪಿಗೆ ಜಾಳಿಗಿ, ಗಟ್ಟಿ ಮುಚ್ಚಳ, ಒಂದು ಕೆಟ್ರ ಇನ್ನೊಂದು ಪಂಪ್, ಅದಕ್ಕ ಬ್ಯಾರೆ ಲೈನಿನ ಕರೆಂಟ್ ಇಡ್ರಿ. ಗಾಡಿ ತೊಳದ ನೀರಿನಾಗ ಎಣ್ಣಿ, ಗ್ರೀಸು ಇರತೈತಿ; ಅದನ್ನ ಬ್ಯಾರೆ ಮಾಡೋ ತೊಟ್ಟಿ ಸಂಪಿಗಿಂತ ಮೊದಲ ಬರಲಿ. ಸುರಂಗದ ಬಾಯಿ ಹತ್ತಿರ ಹಳಿ ಸ್ವಲ್ಪ ಏರಿ ಆಮ್ಯಾಲ ಇಳಿಯೋ ಹಂಗ ಮಾಡ್ರಿ, ರಸ್ತೆದ ನೀರು ಒಳಗ ನುಗ್ಗಂಗಿಲ್ಲ.

ಹೊರಗಿನ ನೀರಿಗೂ ಬಲ ಐತಿ. ಡಿಪೊದ ತಳ ಅಂತರ್ಜಲ ಮಟ್ಟದಿಂದ 12 ಮೀಟರ್ ಕೆಳಗ ಇದ್ರ, ಚದರ ಮೀಟರಿಗೆ 12 ಟನ್ ಬಲ ಅದನ್ನ ಮ್ಯಾಲಕ್ಕ ಒತ್ತತೈತಿ. ಕಟ್ಟಡದ ತೂಕ ಸಾಲದಿದ್ರ ಡಿಪೊನ ದೋಣಿ ಹಂಗ ಏಳತೈತಿ. ತಳಾನ ಕೆಳಗ ಹಿಡದು ಜಗ್ಗೋ ಪೈಲ್, ಅಂದ್ರ ನೆಲದಾಗ ಆಳಕ್ಕ ಇಳಿಸಿದ ಕಂಬ, ಹಾಕಬೇಕು. ನಮ್ಮ ಎರಿ ಮಣ್ಣಿನಂಥ ನೆಲ ಆದ್ರ ಮಳಿಗಾಲಕ್ಕ ಉಬ್ಬಿ ಮ್ಯಾಲಿನ ಗೋಡಿನೂ ಬಾಜುಕಿಂದ ಒತ್ತತೈತಿ, ಅದನ್ನೂ ಲೆಕ್ಕಕ್ಕ ಹಿಡೀರಿ.

ಗಾಲಿ ಕೆತ್ತೋ ಲೇಥ್ ಹಳಿ ಕೆಳಗ ಕೂಡತೈತಿ. ಗಾಡಿನ್ನ ಒಂದೊಂದ ಆಕ್ಸಲ್ ಅದರ ಮ್ಯಾಲ ಸರಿಸಬೇಕು. ಹಿಂಗಾಗಿ ಲೇಥಿನ ಹಿಂದ ಒಂದು ಗಾಡಿ ಉದ್ದ, ಮುಂದ ಒಂದು ಗಾಡಿ ಉದ್ದ ಹಳಿ ಬೇಕು. 21 ಮೀಟರಿನ ಆರು ಡಬ್ಬಿ ಅಂದ್ರ 126 ಮೀಟರ್; ಎರಡೂ ಕೂಡಿ 252. ನಮ್ಮ ಹುಡುಗ ಲೇಥನ್ನ ಮೂಲ್ಯಾಗ ತುರುಕಿದ್ದ. ಛತ್ತು ಹೊತ್ತ ಕಂಬ ಎದ್ದ ಮ್ಯಾಲ ಇದನ್ನ ಸರಿಸಾಕ ಬರಂಗಿಲ್ಲ, ಇದರ ಜಾಗ ಗಟ್ಟಿ ಮಾಡಿನ ಕಂಬ ಕೂಡಿಸ್ರಿ.

ಗಾಲಿ, ಆಕ್ಸಲ್, ಸ್ಪ್ರಿಂಗ್ ಕೂಡಿದ ಟ್ರಾಲಿ ಇಳಸಾಕ ಛತ್ತಿನಾಗ ಕಿಂಡಿ ಬೇಕು, ಅದರ ಮ್ಯಾಲ ಟ್ರೇಲರ್ ತಿರಗೋ ಜಾಗಾನೂ ಬೇಕು. ಬ್ಯಾಟರಿ ಚಾರ್ಜ್ ಮಾಡೋ ಖೋಲಿಗೆ ಬ್ಯಾರೆ ಫ್ಯಾನ್, ಅದೂ ಛತ್ತಿನ ಹತ್ತಿರ. ಅಲ್ಲಿ ಏಳೋ ಹೈಡ್ರೋಜನ್ ಹಗುರ, ಮ್ಯಾಲ ಕೂಡತೈತಿ. ನಿಂತ ಗಾಡಿ ಏಸಿ ಪರೀಕ್ಷೆ ಮಾಡಿದ್ರ ಆ ಶಾಖ ಎಲ್ಲಾ ಒಳಗ ಉಳೀತೈತಿ, ಅದನ್ನೂ ಗಾಳಿ ಲೆಕ್ಕದಾಗ ಸೇರಸ್ರಿ.

ಬೆಂಗಳೂರು ಮೆಟ್ರೊ ಹಂಗ 750 ವೋಲ್ಟಿನ ಮೂರನೇ ಹಳಿ (ಗಾಡಿಗೆ ಕರೆಂಟ್ ಕೊಡಾಕ ಬಾಜುಕ ಹಾಕಿದ ಹಳಿ) ಇದ್ರ ಅದನ್ನ ಪಿಟ್ಟಿನ ಬಾಜು ತರಬ್ಯಾಡ್ರಿ. ಅಲ್ಲಿ ಗಾಡಿಗೆ ಕರೆಂಟ್ ಮ್ಯಾಲಿಂದ ಜೋತುಬಿದ್ದ ಕೇಬಲಿನಿಂದ ಕೊಡ್ರಿ. ಕೆಳಗ ಮಂದಿ ಇದ್ದಾಗ ನಾವು ಹಗಲಿಗೆ ಗಾಡಿ ಎರಡೂ ತುದಿಗೆ ಕೆಂಪು ನಿಶಾನಿ ಕಟ್ತಿದ್ವಿ, ರಾತ್ರಿ ಕೆಂಪು ದೀಪ. ನೆಲದಡಿ ಯಾವತ್ತೂ ದೀಪಾನ ಬೇಕು.

ಹೋದ ವಾರ ಹುಡುಗ ಹೊಸ ನಕ್ಷೆ ಕಳಿಸ್ಯಾನ. ಲೇಥ್ ಸರಿಯಾಗೈತಿ, ಸಂಪಿಗೆ ಮುಚ್ಚಳ ತೋರ್ಸ್ಯಾನ. ಪಿಟ್ಟಿಗೆ ಮೆಟ್ಟಲ ಮಾತ್ರ ಎರಡು ತುದಿಗೆ ಇಟ್ಟಾನ. 126 ಮೀಟರಿನ ನಡುವ ಹೊಗಿ ಎದ್ರ ಒಳಗಿದ್ದಾವ ಎಲ್ಲಿ ಹತ್ತಬೇಕು ತಮ್ಮಾ, ನಡುವ ಇನ್ನೆರಡು ಕಡೆ ಮೆಟ್ಟಲ ಹಾಕು ಅಂತ ಫೋನ್ ಮಾಡಿ ಹೇಳೀನಿ.