ಕಾಕರ್ ಸ್ಪ್ಯಾನಿಯಲ್ ಸಾಕ್ತೀರಾ? ಕಿವಿಯಿಂದ ಶುರು ಮಾಡಿ

ಕಾಕರ್ ಸ್ಪ್ಯಾನಿಯಲ್ ಮರಿ ತರಬೇಕು ಅಂತ ಮೈಸೂರಲ್ಲಿ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ. ವಾರಕ್ಕೊಂದು ಸಲ ಅದರ ಕಿವಿ ತೊಳೆಯಲು ಮನೆಯಲ್ಲಿ ಯಾರಿಗೆ ಪುರುಸೊತ್ತಿದೆ? ಬಣ್ಣ, ಬೆಲೆ, ತಳಿಯ ಪೇಪರ್ ಎಲ್ಲ ಆಮೇಲೆ. ಮುದ್ದು ಮುಖ, ಇಳಿಬಿದ್ದ ಕಿವಿ, ದೊಡ್ಡ ಕಣ್ಣು ನೋಡಿ ಮನಸ್ಸು ಕರಗಿ ತಂದುಬಿಡುತ್ತಾರೆ. ಕೆಲವು ತಿಂಗಳು ಹೋದರೆ ಕಿವಿ ನಾತ, ಕೂದಲೆಲ್ಲ ಸಿಕ್ಕು, ಮನೆ ತುಂಬ ಗಲಾಟೆ. ಆಗ ತಪ್ಪೆಲ್ಲ ನಾಯಿಯ ತಲೆಗೆ ಕಟ್ಟುತ್ತಾರೆ. ಇದು ಪೊದೆಗೆ ನುಗ್ಗುವ ಬೇಟೆನಾಯಿ ಅನ್ನೋದನ್ನು ಒಂದು ಸಲ ಮನಸ್ಸಿಗೆ ತಂದುಕೊಂಡರೆ ಸಾಕುವ ದಾರಿ ತಾನಾಗಿ ಗೊತ್ತಾಗುತ್ತದೆ.

ಇಂಗ್ಲೆಂಡಿನಲ್ಲಿ ಸ್ಪ್ಯಾನಿಯಲ್‌ಗಳ ಕೆಲಸ ಹೀಗಿತ್ತು. ಬೇಟೆಗಾರನ ಮುಂದೆ ಮೂಸುತ್ತಾ ಪೊದೆಗೆ ನುಗ್ಗಬೇಕು, ಅಡಗಿ ಕೂತ ಹಕ್ಕಿಯನ್ನು ಎಬ್ಬಿಸಿ ಹಾರಿಸಬೇಕು, ಗುಂಡೇಟಿಗೆ ಬಿದ್ದದ್ದನ್ನು ಹಲ್ಲು ಊರದೆ ಬಾಯಲ್ಲಿ ಹಿಡಿದು ತರಬೇಕು. ಮೊದಮೊದಲು ಒಂದೇ ಸೂಲಿನ ಮರಿಗಳನ್ನೇ ಗಾತ್ರ ನೋಡಿ ಬೇರೆ ಮಾಡುತ್ತಿದ್ದರು. ದೊಡ್ಡದು ಸ್ಪ್ರಿಂಗರ್. 25 ಪೌಂಡ್, ಅಂದರೆ ಹೆಚ್ಚುಕಮ್ಮಿ 11 ಕೆಜಿ ಒಳಗಿದ್ದರೆ ಕಾಕರ್. ದಟ್ಟ ಪೊದೆಯಲ್ಲಿ ಅಡಗುವ ವುಡ್‌ಕಾಕ್ ಹಕ್ಕಿಯ ಬೇಟೆಗೆ ಚಿಕ್ಕ ನಾಯಿಯೇ ಅನುಕೂಲ. 1890ರ ದಶಕದಲ್ಲಿ, ನಾಯಿ ತಳಿಗಳನ್ನು ದಾಖಲಿಸುವ ಬ್ರಿಟನ್ನಿನ ಕೆನಲ್ ಕ್ಲಬ್ ಕಾಕರ್ ಅನ್ನು ಬೇರೆ ತಳಿ ಅಂತ ಒಪ್ಪಿಕೊಂಡಿತು. 1901ರಲ್ಲಿ ಆ ತೂಕದ ಮಿತಿಯೂ ಹೋಯಿತು. ಆಮೇಲೆ ಇದರ ಹೆಸರು ಏರಿದ್ದೇ ಏರಿದ್ದು. 1930 ಮತ್ತು 1950ರ ನಡುವೆ ಬ್ರಿಟನ್ನಿನ ಹೆಸರಾಂತ ನಾಯಿ ಪ್ರದರ್ಶನವಾದ ಕ್ರಫ್ಟ್ಸ್ ಶೋನಲ್ಲಿ ಎಚ್.ಎಸ್. ಲಾಯ್ಡ್ ಅನ್ನೋ ತಳಿಗಾರರ ಕಾಕರ್‌ಗಳು ಆರು ಸಲ ಇಡೀ ಶೋನ ಅತ್ಯುತ್ತಮ ನಾಯಿ ಪಟ್ಟ ಗೆದ್ದವು.

ಅಮೆರಿಕಕ್ಕೆ ಹೋದ ಕಾಕರ್‌ಗಳು ಅಲ್ಲಿ ಬೇರೆ ರೂಪ ತಾಳಿದವು. ತಲೆ ಗುಂಡಗಾಯಿತು, ಮೂತಿ ಗಿಡ್ಡವಾಯಿತು, ಕೂದಲು ನೆಲ ಮುಟ್ಟುವಷ್ಟು ಬೆಳೆಯಿತು. 1946ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಎರಡನ್ನೂ ಬೇರೆ ಬೇರೆ ತಳಿ ಅಂತ ದಾಖಲಿಸಿತು. ಇಂಗ್ಲಿಷ್ ಕಾಕರ್ 38ರಿಂದ 41 ಸೆಂ.ಮೀ. ಎತ್ತರ, 13ರಿಂದ 14.5 ಕೆಜಿ ತೂಕ. ಅಮೆರಿಕನ್ ಇನ್ನೂ ಸ್ವಲ್ಪ ಗಿಡ್ಡ. ನಮ್ಮ ಹವೆಗೆ, ನಮ್ಮ ಧೂಳಿಗೆ ಇಂಗ್ಲಿಷ್ ಕಾಕರ್ರೇ ವಾಸಿ ಅಂತ ನನ್ನ ಅಭಿಪ್ರಾಯ. ಕೂದಲಿನ ಕೆಲಸ ಅರ್ಧಕ್ಕರ್ಧ ಕಡಿಮೆ.

ಮರಿ ತರುವಾಗ ತಾಯಿಯನ್ನು ನೋಡದೆ ದುಡ್ಡು ಕೊಡಬೇಡಿ. ತಾಯಿಯ ಕಿವಿ ಎತ್ತಿ ಮೂಸಿ ನೋಡಿ, ಮಾರುವವರು ಏನಂದುಕೊಂಡರೂ ಪರವಾಗಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವುದು ನಮ್ಮ ದೇಶದ ನಿಯಮದಲ್ಲೇ ಇಲ್ಲ. ಅದಕ್ಕಿಂತ ಚಿಕ್ಕದನ್ನು ಕೊಡುತ್ತೇನೆ ಅನ್ನುವವರ ಹತ್ತಿರ ನಿಲ್ಲಲೂಬೇಡಿ. ಈ ತಳಿಯಲ್ಲಿ ಕಣ್ಣಿನ ಪೊರೆ, ನಿಧಾನವಾಗಿ ಕುರುಡು ಮಾಡುವ ಪಿಆರ್‌ಎ ಅನ್ನೋ ರೋಗ, ಎಳೆ ವಯಸ್ಸಿನಲ್ಲೇ ಬರುವ ಕಿಡ್ನಿ ರೋಗ ವಂಶದಿಂದ ಬರಬಹುದು. ಪಿಆರ್‌ಎ ಮತ್ತು ಈ ಕಿಡ್ನಿ ರೋಗಕ್ಕೆ ಡಿಎನ್‌ಎ ಪರೀಕ್ಷೆ ಇದೆ, ಅಪ್ಪ ಅಮ್ಮನಿಗೆ ಮಾಡಿಸಿದ್ದೀರಾ ಅಂತ ಕೇಳಿ. ಬಾಲ ಕತ್ತರಿಸಿಕೊಡಿ ಅಂತ ಮಾತ್ರ ದಯವಿಟ್ಟು ಕೇಳಬೇಡಿ. ಮುಳ್ಳುಪೊದೆಯಲ್ಲಿ ಬಾಲಕ್ಕೆ ಗಾಯ ಆಗುತ್ತದೆ ಅಂತ ಹಿಂದೆ ಬೇಟೆಗಾರರು ಕತ್ತರಿಸುತ್ತಿದ್ದರು. ಕುವೆಂಪುನಗರದ ಮನೆಯಲ್ಲಿ ಆಡುವ ಮರಿಗೆ ಅದೇನು ಅಗತ್ಯ? ಖುಷಿಯಾದಾಗ ಈ ನಾಯಿಯ ಬಾಲದ ಜೊತೆ ಸೊಂಟವೂ ಅಲ್ಲಾಡುತ್ತದೆ, ಅದನ್ನು ನೋಡೋದೇ ಚಂದ ಅಲ್ವಾ.

ಈಗ ಕಿವಿ. ನಾಯಿಯ ಕಿವಿನಾಳ ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಅದರ ಮೇಲೆ ಉದ್ದನೆಯ ಭಾರದ ಕಿವಿ, ಒಳಗೂ ಹೊರಗೂ ಕೂದಲು. ಗಾಳಿ ಆಡುವುದಿಲ್ಲ. ಮಳೆಗಾಲ ಬಂತೆಂದರೆ ತೇವ ಆರುವುದಿಲ್ಲ, ಬೂಸ್ಟು ಅಲ್ಲೇ ಸಂಸಾರ ಹೂಡುತ್ತದೆ. ತೊಳೆಯುವ ಮೊದಲು ಕಿವಿ ಎತ್ತಿ ನಿಮ್ಮ ಮೂಗು ಹತ್ತಿರ ತನ್ನಿ. ಚೆನ್ನಾಗಿರುವ ಕಿವಿಗೆ ಹೆಚ್ಚು ವಾಸನೆ ಇರುವುದಿಲ್ಲ, ಒಳಗೆ ತಿಳಿ ಗುಲಾಬಿ ಬಣ್ಣ, ಗುಗ್ಗೆ ಸ್ವಲ್ಪವೇ. ಹುಳಿ ಬಂದ ದೋಸೆಹಿಟ್ಟಿನಂಥ ವಾಸನೆ, ಕಂದು ಜಿಡ್ಡು ಇದ್ದರೆ ಅದು ಯೀಸ್ಟ್ ಅನ್ನೋ ಬೂಸ್ಟು. ಕೀವು, ಕೆಟ್ಟ ನಾತ, ಮುಟ್ಟಿದರೆ ಕುಂಯ್ ಅನ್ನೋದು, ತಲೆ ಒಂದು ಕಡೆ ವಾಲಿಸಿಕೊಂಡು ನಡೆಯೋದು ಕಂಡರೆ ಏನನ್ನೂ ಸುರಿಯಬೇಡಿ. ಒಳಗಿನ ತಮಟೆ ಹರಿದಿರಬಹುದು, ಡಾಕ್ಟರು ನೋಡಿಯೇ ಹೇಳಬೇಕು.

ಎಲ್ಲ ಸರಿಯಿದ್ದರೆ ಡಾಕ್ಟರು ಹೇಳಿದ ಇಯರ್ ಕ್ಲೀನರ್ ತಗೊಳ್ಳಿ. ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿ, ತಣ್ಣಗಿದ್ದರೆ ಬೆಚ್ಚಿಬಿದ್ದು ಮುಂದಿನ ವಾರ ಕಿವಿ ಕೊಡುವುದೇ ಇಲ್ಲ. ಕಿವಿಯನ್ನು ಮೇಲಕ್ಕೆತ್ತಿ ನಾಳ ತುಂಬುವಷ್ಟು ಸುರಿಯಿರಿ. ಕಿವಿಯ ಬುಡವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿ. ಒಳಗೆ ಪಿಚಕ್ ಪಿಚಕ್ ಸದ್ದು ಬರಬೇಕು. ಅರ್ಧ ನಿಮಿಷ ಆದ ಮೇಲೆ ಬಿಟ್ಟು ಹಿಂದೆ ಸರಿಯಿರಿ, ನಾಯಿ ಜೋರಾಗಿ ತಲೆ ಕೊಡವಿ ಒಳಗಿನ ಗುಗ್ಗೆಯನ್ನು ತಾನೇ ಮೇಲಕ್ಕೆ ತರುತ್ತದೆ. ಮೇಲೆ ಬಂದದ್ದನ್ನು ಬೆರಳಿಗೆ ಹತ್ತಿ ಸುತ್ತಿ ಒರೆಸಿ, ಬೆರಳು ಹೋಗುವಷ್ಟು ಮಾತ್ರ. ಇಯರ್ ಬಡ್ ಬೇಡವೇ ಬೇಡ, ಅದು ಗುಗ್ಗೆಯನ್ನು ಆ ತಿರುವಿನಾಚೆ ತಳ್ಳಿ ಕೂರಿಸುತ್ತದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಕೊಬ್ಬರಿ ಎಣ್ಣೆ ಕೂಡ ಬೇಡ. ನಮ್ಮಜ್ಜಿ ನಮ್ಮ ಕಿವಿಗೆ ಹಾಕುತ್ತಿದ್ದರು ನಿಜ, ಈ ಕಿವಿಗೆ ಆ ಜಿಡ್ಡು ಆಗಿಬರುವುದಿಲ್ಲ.

ಊಟದ ಹೊತ್ತಿಗೂ ಕಿವಿಯ ಮೇಲೆ ಒಂದು ಕಣ್ಣಿರಲಿ. ಅಗಲದ ತಟ್ಟೆಯಲ್ಲಿ ಹಾಕಿದರೆ ಎರಡೂ ಕಿವಿ ಅನ್ನದಲ್ಲಿ ಅದ್ದುತ್ತವೆ, ಒಣಗಿ ಗಂಟಾಗುತ್ತವೆ, ಇರುವೆ ಮುತ್ತುತ್ತವೆ. ಬಾಯಿ ಕಿರಿದಾದ ಆಳದ ಬಟ್ಟಲು ಇಡಿ. ಇಲ್ಲದಿದ್ದರೆ ಹಳೇ ಕಾಲುಚೀಲದ ತುದಿ ಕತ್ತರಿಸಿ ತಲೆಯ ಮೇಲಿಂದ ಇಳಿಸಿ, ಸಡಿಲವಾಗಿ ಕೂತರೆ ಸಾಕು. ತಿಂದಾದ ತಕ್ಷಣ ತೆಗೆಯಿರಿ.

ಕೂದಲು ದಿನ ಬಿಟ್ಟು ದಿನ ಬಾಚಬೇಕು. ಬೆನ್ನು ಎಲ್ಲರೂ ಬಾಚುತ್ತಾರೆ. ಸಿಕ್ಕು ಕೂರುವುದು ಕಿವಿಯ ಹಿಂದೆ, ಕಂಕುಳಲ್ಲಿ, ಹಿಂಗಾಲಿನ ಸಂದಿಯಲ್ಲಿ. ಬ್ರಷ್ ಆದ ಮೇಲೆ ಸ್ಟೀಲ್ ಬಾಚಣಿಗೆಯನ್ನು ಚರ್ಮದ ತನಕ ಇಳಿಸಿ ಎಳೆಯಿರಿ. ಎಲ್ಲಿ ತಡೆಯುತ್ತದೋ ಅಲ್ಲಿ ಗಂಟಿದೆ. ಸಿಕ್ಕು ಬಿಡಿಸದೆ ಸ್ನಾನ ಮಾಡಿಸಿದರೆ ಆ ಗಂಟು ಇನ್ನೂ ಬಿಗಿಯುತ್ತದೆ. ಬೇಸಿಗೆ ಅಂತ ಪೂರ್ತಿ ಬೋಳಿಸಬೇಡಿ. ಚರ್ಮ ಬಿಸಿಲಿಗೆ ಸುಡುತ್ತದೆ, ಮತ್ತೆ ಬರುವ ಕೂದಲು ಎಷ್ಟೋ ಸಲ ಒರಟಾಗಿ ಬಂದು ಇನ್ನೂ ಜಾಸ್ತಿ ಸಿಕ್ಕಾಗುತ್ತದೆ. ಹೊಟ್ಟೆ, ಕಾಲು, ಕಿವಿಯ ಒಳಮೈ, ಪಾದದಡಿಯ ಕೂದಲನ್ನು ಗಿಡ್ಡ ಮಾಡಿಸಿದರೆ ಸಾಕು.

ಪಾದದ ವಿಷಯ ಬಂತಲ್ಲ, ಮಳೆ ಮುಗಿದ ಮೇಲೆ ಖಾಲಿ ಸೈಟುಗಳಲ್ಲಿ ಉತ್ತರಾಣಿ ಬೆಳೆದು ನಿಂತಿರುತ್ತದೆ, ಪಂಚೆ ಸೀರೆಗೆ ಅಂಟುವ ಆ ಮುಳ್ಳುಬೀಜ ಗೊತ್ತಿದೆಯಲ್ಲ. ಅದು ಮತ್ತು ಚೂಪು ಹುಲ್ಲಿನ ತೆನೆ ಈ ನಾಯಿಯ ಕೂದಲಿಗೆ ಸಿಕ್ಕಿದರೆ ಉದುರುವುದಿಲ್ಲ. ಹುಲ್ಲಿನ ತೆನೆಯ ತುದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುತ್ತವೆ, ಹಾಗಾಗಿ ಅದು ಮುಂದಕ್ಕೆ ಮಾತ್ರ ಸರಿಯುತ್ತದೆ. ಬೆರಳ ಸಂದಿಯಲ್ಲಿ ಚರ್ಮ ತೂರಿ ಒಳಗೆ ಹೋಗುತ್ತದೆ, ಮೇಲೆ ಒಂದು ಕೆಂಪು ಗುಳ್ಳೆ ಕಾಣುತ್ತದೆ, ನಾಯಿ ಅದೊಂದೇ ಕಾಲನ್ನು ನೆಕ್ಕುತ್ತಾ ಕೂರುತ್ತದೆ. ವಾಕಿಂಗ್ ಮುಗಿಸಿ ಬಂದ ಮೇಲೆ ನಾಲ್ಕು ಪಾದಗಳ ಬೆರಳನ್ನೂ ಒಂದೊಂದಾಗಿ ಅಗಲಿಸಿ ನೋಡಿ. ಇದ್ದಕ್ಕಿದ್ದಂತೆ ಒಂದೇ ಕಿವಿ ಕೊಡವಲು ಶುರು ಮಾಡಿದರೆ ಬೀಜ ಕಿವಿಗೆ ಹೋಗಿರಬಹುದು, ಆವತ್ತೇ ತೋರಿಸಿ.

ಅದೇ ಹೊತ್ತಲ್ಲಿ ರಕ್ತ ಹೀರುವ ಉಣ್ಣೆಯನ್ನೂ ಹುಡುಕಿ. ಕಿವಿಯ ಮಡಿಕೆ, ಕತ್ತಿನ ಪಟ್ಟಿಯ ಕೆಳಗೆ, ಬಾಲದ ಬುಡ. ಚಿಮುಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಚ್ಚಬೇಡಿ, ಉಗುರಲ್ಲಿ ಒತ್ತಬೇಡಿ. ನಾಯಿಯ ಉಣ್ಣೆ ಗೋಡೆಯ ಬಿರುಕಲ್ಲಿ ಮೊಟ್ಟೆ ಇಡುತ್ತದೆ, ಒಂದೊಂದು ಸಾವಿರಗಟ್ಟಲೆ. ನಾಯಿಗೆ ಮಾತ್ರ ಔಷಧ ಹಾಕಿ ಮನೆಯ ಸಂದಿಗೊಂದಿ ಬಿಟ್ಟರೆ ಪ್ರಯೋಜನ ಇಲ್ಲ. ಮಂಡ್ಯ ಕಡೆ ಕೊಟ್ಟಿಗೆ ಇರುವ ಮನೆಗಳಲ್ಲಿ ದನಕ್ಕೆ ತಂದ ಉಣ್ಣೆ ಔಷಧವನ್ನೇ ನಾಯಿಗೂ ಸವರುವುದುಂಟು. ಅಳತೆ ತಪ್ಪಿದರೆ ಜೀವಕ್ಕೇ ಅಪಾಯ. ಊಟ ಬಿಟ್ಟು, ಮೈ ಸುಡುತ್ತಾ, ವಸಡು ಬಿಳಿಚಿ, ಮೂತ್ರ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಿದರೆ ಉಣ್ಣೆ ಜ್ವರ ಇರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಗದ್ದೆ ಬಯಲಿಗೆ ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಈ ನಾಯಿ ಕಬ್ಬಿನ ಗದ್ದೆ ಕಂಡರೆ ಮೂಗು ನೆಲಕ್ಕಿಟ್ಟು ನುಗ್ಗುತ್ತದೆ, ನೂರಾರು ವರ್ಷದಿಂದ ಅದನ್ನೇ ಕಲಿಸಿದ್ದಾರೆ. ಅಲ್ಲಿ ಇಲಿ ಇದೆ, ಇಲಿಪಾಷಾಣ ಇದೆ, ಇಲಿಯ ಹಿಂದೆ ಬಂದ ನಾಗರ, ಕೊಳಕುಮಂಡಲ ಇವೆ. ಮೂಗು, ಮುಖ ದಿಢೀರನೆ ಊದಿಕೊಂಡರೆ ನಾಯಿಯನ್ನು ನಡೆಸಬೇಡಿ, ಎತ್ತಿಕೊಳ್ಳಿ, ಹಾವಿನ ವಿಷಕ್ಕೆ ಕೊಡುವ ಆ್ಯಂಟಿವೆನಮ್ ಯಾವ ಆಸ್ಪತ್ರೆಯಲ್ಲಿದೆ ಅಂತ ದಾರಿಯಲ್ಲೇ ಫೋನ್ ಮಾಡಿ. ನಾಟಿ ಔಷಧಕ್ಕೆ ಅಂತ ಊರೂರು ಸುತ್ತಿ ಹೊತ್ತು ಕಳೆಯಬೇಡಿ. ನೀರು ಕಂಡರೂ ಇದಕ್ಕೆ ತಡೆಯಲಾಗುವುದಿಲ್ಲ. ಮಂಡ್ಯ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಬೆಲ್ಟ್ ಬಿಚ್ಚಲೇಬೇಡಿ, ಸಿಮೆಂಟ್ ಹಾಕಿದ ಕಡೆ ಇಳಿಜಾರು ಜಾರುತ್ತದೆ, ಬಿದ್ದ ನಾಯಿ ಹತ್ತಿ ಬರಲಾರದು, ಹಿಡಿಯಲು ಹೋದ ಮನುಷ್ಯನೂ ಅಷ್ಟೇ. ರಂಗನತಿಟ್ಟಿನ ಆಸುಪಾಸಿನ ಕಾವೇರಿಯಲ್ಲಿ ಮೊಸಳೆಗಳಿವೆ. ಕೊಕ್ಕರೆ ಬೆಳ್ಳೂರಿನಂಥ ಊರಲ್ಲಿ ಹಕ್ಕಿ ಗೂಡು ಕಟ್ಟುವ ಕಾಲಕ್ಕೆ ಇದನ್ನು ಬಿಟ್ಟರೆ ಹಕ್ಕಿಗಳಿಗೆ ತೊಂದರೆ. ಮರಿ ಹಕ್ಕಿ ಕೆಳಗೆ ಬಿದ್ದಿರುತ್ತದೆ, ಇದು ಹೋಗಿ ಎತ್ತಿಕೊಂಡು ಬರುತ್ತದೆ.

ಹಾಗಂತ ಮನೆಯಲ್ಲೇ ಕಟ್ಟಿಹಾಕಿದರೆ ಸೋಫಾ, ಚಪ್ಪಲಿ ಉಳಿಯುವುದಿಲ್ಲ. ಮೂಗಿಗೆ ಕೆಲಸ ಕೊಡಿ. ಬೇಯಿಸಿದ ಚಿಕನ್ ಚೂರನ್ನು ಹೂಕುಂಡದ ಹಿಂದೆ, ಮೆಟ್ಟಿಲ ಮೂಲೆಯಲ್ಲಿ ಬಚ್ಚಿಟ್ಟು "ಹುಡುಕು" ಅನ್ನಿ. ಹತ್ತು ನಿಮಿಷ ಹೀಗೆ ಹುಡುಕಿದರೆ ಚೆನ್ನಾಗಿ ದಣಿಯುತ್ತದೆ. ಏಪ್ರಿಲ್ ಬಿಸಿಲಲ್ಲಂತೂ ಬೆಳಗ್ಗೆ ಏಳರೊಳಗೆ, ಸಂಜೆ ರಸ್ತೆ ತಣ್ಣಗಾದ ಮೇಲೆ ಮಾತ್ರ ಹೊರಗೆ. ಅಂಗೈಯನ್ನು ರಸ್ತೆ ಮೇಲಿಟ್ಟು ನೋಡಿ, ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ.

ಊಟದ ಆಸೆ ಇದಕ್ಕೆ ಬಹಳ. ದಿನಕ್ಕೆ ಎರಡು ಸಲ ಅಳತೆಯಲ್ಲಿ ಕೊಡಿ, ಸವರಿದರೆ ಪಕ್ಕೆಲುಬು ಕೈಗೆ ಸಿಗುತ್ತಿರಬೇಕು. ಮುದ್ದೆ ಸ್ವಲ್ಪ ಕೊಡಬಹುದು, ಆದರೆ ಹೊಟ್ಟೆ ತುಂಬಬೇಕಾದದ್ದು ಮೊಟ್ಟೆ, ಮಾಂಸ ಅಥವಾ ಒಳ್ಳೆಯ ನಾಯಿ ಆಹಾರದಿಂದ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು, ದ್ರಾಕ್ಷಿ ಹಾಕಿದ ಪಾಯಸ, ಚಾಕೊಲೇಟ್, ಬೇಯಿಸಿದ ಕೋಳಿ ಮೂಳೆ ಇವು ಬೇಡ. ಹಬ್ಬಕ್ಕೆ ಬಂದ ನೆಂಟರಿಗೂ ಮೊದಲೇ ಹೇಳಿಡಿ.

ಸ್ವಭಾವ ತುಂಬ ಮೃದು. ಜೋರಾಗಿ ಗದರಿದರೆ ಮುದುಡಿಕೊಳ್ಳುತ್ತದೆ, ಕೆಲವು ಮರಿಗಳು ನಿಂತಲ್ಲೇ ಉಚ್ಚೆ ಮಾಡಿಕೊಳ್ಳುತ್ತವೆ. ಅದು ಹಟ ಅಲ್ಲ, ಹೆದರಿಕೆ. ಬೈಯಬೇಡಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮಾತಾಡಿಸಿ, ಬೆಳೆಯುತ್ತಾ ಈ ಅಭ್ಯಾಸ ಬಿಟ್ಟುಹೋಗುತ್ತದೆ. ಬಾಯಲ್ಲಿ ಏನಾದರೂ ಕಚ್ಚಿಕೊಂಡು ಗುರ್ ಅಂದರೆ ಕಿತ್ತುಕೊಳ್ಳಲು ಹೋಗಬೇಡಿ. ಅದಕ್ಕಿಂತ ರುಚಿಯಾದದ್ದನ್ನು ಒಂದು ಮಾರು ದೂರದಲ್ಲಿ ಇಟ್ಟು, ನಾಯಿ ಅತ್ತ ಹೋದ ಮೇಲೆ ಅದು ಬಿಟ್ಟ ವಸ್ತುವನ್ನು ಎತ್ತಿಕೊಳ್ಳಿ. ಮಕ್ಕಳಿರುವ ಮನೆಯಲ್ಲಿ ಈ ಅಭ್ಯಾಸವನ್ನು ಮರಿ ಬಂದ ವಾರವೇ ಶುರು ಮಾಡಿ, ಮತ್ತೆ ನಾಯಿ ತಿನ್ನುವಾಗ ಮಕ್ಕಳು ಬಟ್ಟಲಿನ ಹತ್ತಿರ ಹೋಗದಂತೆ ದೊಡ್ಡವರೇ ಅಲ್ಲಿ ನಿಂತಿರಿ.